72ರಿಂದ ಗುಣಿಸಿ ನೋಡಿ: ಮೈಸೂರು ಹೆಸರಿನ ಒಂದು ಸ್ಪಿಟ್‌ಫೈರ್ ಕಟ್ಟುವ ಬಗೆ

"ಎಲ್ಲಾ ಡಬ್ಬದಲ್ಲೇ ಇರುತ್ತಲ್ಲ. ಅಂಟಿಸಿ ಬಣ್ಣ ಹೊಡೆದರೆ ಮುಗೀತು. ಅದಕ್ಕೆ ಎರಡು ತಿಂಗಳು ಯಾಕಪ್ಪಾ ಬೇಕು?"

ನಮ್ಮ ಭಾವ ಕೇಳಿದ ಪ್ರಶ್ನೆ. ಕೊಂಕು ಮಾತಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಕೈಯಲ್ಲಿ ಕಾಫಿ ಲೋಟ ಹಿಡಿದು, ನನ್ನ ಮೇಜಿನ ಮೇಲಿದ್ದ ಅರ್ಧ ಮುಗಿದ ಸ್ಪಿಟ್‌ಫೈರ್ ವಿಮಾನವನ್ನು ನೋಡುತ್ತಿದ್ದರು. ಬೂದು ಬಣ್ಣದ ಪ್ಲಾಸ್ಟಿಕ್, ಅಲ್ಲಲ್ಲಿ ಹಳದಿ ಟೇಪು, ಮೂತಿಗೆ ಪ್ರೊಪೆಲ್ಲರ್ ಇಲ್ಲ. ನೋಡಿದರೆ ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಸುತ್ತಿ ಮಲಗಿಸಿದ ಹಾಗಿತ್ತು.

ಅವತ್ತು ಏನೋ ಹಾರಿಕೆ ಉತ್ತರ ಕೊಟ್ಟೆ. ಸರಿಯಾದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಸ್ಪಿಟ್‌ಫೈರ್ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧ ವಿಮಾನ. ನನ್ನದು ಅದರ 1/72 ಅಳತೆಯ ಪ್ಲಾಸ್ಟಿಕ್ ಮಾಡೆಲ್. ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲು. ಈ 72 ಎಲ್ಲಿಂದ ಬಂತು ಅಂತ ಮೊದಮೊದಲು ನನಗೂ ವಿಚಿತ್ರ ಅನಿಸಿತ್ತು. ಅಡಿ, ಇಂಚಿನಲ್ಲಿ ಯೋಚಿಸಿದರೆ ಸರಳ: ಆರು ಅಡಿಗೆ ಒಂದು ಇಂಚು. ಆರಡಿ ಆಳು ಒಂದಿಂಚಿನ ಗೊಂಬೆಯಾಗುತ್ತಾನೆ. 1/48 ಅನ್ನುವ ಇನ್ನೊಂದು ಅಳತೆಯಲ್ಲಿ ನಾಲ್ಕು ಅಡಿಗೆ ಒಂದು ಇಂಚು. ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಇಂಚು, ಅಂದರೆ 11.23 ಮೀಟರ್. 1/72ರಲ್ಲಿ ಅದು 15.6 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ.

ಇಲ್ಲಿಂದಲೇ ತೊಂದರೆ ಶುರು. ವಿಮಾನವನ್ನು 72 ಪಟ್ಟು ಚಿಕ್ಕದು ಮಾಡಬಹುದು. ನನ್ನ ಬೆರಳು, ಅಂಟು, ಬಣ್ಣ, ಧೂಳು ಯಾವುದೂ ಚಿಕ್ಕದಾಗುವುದಿಲ್ಲ. ಎರಡು ಪ್ಲಾಸ್ಟಿಕ್ ತುಂಡುಗಳ ನಡುವೆ ಅರ್ಧ ಮಿಲಿಮೀಟರ್ ಸಂದು ಉಳಿಯಿತು ಅನ್ನಿ. ಕಣ್ಣಿಗೆ ಏನೂ ಅನಿಸುವುದಿಲ್ಲ. 72ರಿಂದ ಗುಣಿಸಿ. 3.6 ಸೆಂಟಿಮೀಟರ್. ನಿಜವಾದ ವಿಮಾನದ ಮೈಯಲ್ಲಿ ಎರಡು ಬೆರಳು ತೂರುವಷ್ಟು ಬಿರುಕಿದ್ದರೆ ಯಾವ ಪೈಲಟ್ ಅದನ್ನು ಹತ್ತುತ್ತಾನೆ? ಮಾಡೆಲ್‌ನಲ್ಲಿ ಯಾವುದು ಕಣ್ಣಿಗೆ ಚುಚ್ಚುತ್ತದೋ, ಯಾಕೆ ಅಂತ ಗೊತ್ತಾಗದಿದ್ದರೆ ನಾನು ಮಾಡುವುದು ಇಷ್ಟೇ: 72ರಿಂದ ಗುಣಿಸಿ ನೋಡುತ್ತೇನೆ. ಎರಡು ತಿಂಗಳು ಹೋಗುವುದು ಈ ಗುಣಾಕಾರದಲ್ಲಿ.

ಯಾವ ವಿಮಾನ?

ಸ್ಪಿಟ್‌ಫೈರ್ ಅಂದರೆ ಸಾಲದು. ಅದು ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಆಮೇಲೆ ಹತ್ತಾರು ಬಗೆಗಳಲ್ಲಿ ಒಟ್ಟು 20,000ಕ್ಕೂ ಹೆಚ್ಚು ತಯಾರಾದವು. ಮೂತಿ ಬದಲಾಯಿತು, ಬಂದೂಕು ಬದಲಾಯಿತು, ಬಣ್ಣ ಬದಲಾಯಿತು. ಹಾಗಾಗಿ "ಯಾವ ವಿಮಾನ, ಯಾವ ದಳದ್ದು, ಯಾವ ತಿಂಗಳಲ್ಲಿ" ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಆಮೇಲೆ ನೋಡೋಣ ಅಂದರೆ ಬಣ್ಣ ಹೊಡೆಯುವ ದಿನ ತಲೆ ಕೆಡುತ್ತದೆ.

ನನಗೆ ಆಯ್ಕೆ ಸುಲಭವಾಯಿತು. ಬ್ರಿಟನ್ನಿನ ವಾಯುಪಡೆಯಲ್ಲಿ ಮೈಸೂರಿನ ಹೆಸರಿನ ಒಂದು ದಳವೇ ಇತ್ತು. 129ನೇ ಮೈಸೂರು ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಯಾರ್ಕ್‌ಶೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳ ಜೊತೆ ಅದು ಶುರುವಾಯಿತು. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ದೇಣಿಗೆಯ ನೆನಪಿಗೆ ಆ ಹೆಸರು. ದಳದ ಲಾಂಛನದಲ್ಲಿ ಏನಿತ್ತು ಗೊತ್ತಾ? ನಮ್ಮ ಗಂಡಭೇರುಂಡ. ಇವತ್ತು ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುವ ಅದೇ ಎರಡು ತಲೆಯ ಹಕ್ಕಿ. ಇದು ಗೊತ್ತಾದ ದಿನ ನಾನು ಬೇರೆ ಕಿಟ್‌ಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ.

ಆ ಆಗಸ್ಟ್ ಕೊನೆಗೆ ದಳ ದಕ್ಷಿಣಕ್ಕೆ, ಸಸೆಕ್ಸ್‌ನ ವೆಸ್ಟ್‌ಹ್ಯಾಂಪ್‌ನೆಟ್ ಅನ್ನುವ ಹುಲ್ಲಿನ ಮೈದಾನಕ್ಕೆ ಹೋಯಿತು. ಮೈದಾನದ ಸುತ್ತಲಿನ ದಾರಿಯೇ ಯುದ್ಧದ ನಂತರ ಗುಡ್‌ವುಡ್ ಕಾರ್ ರೇಸ್ ಟ್ರ್ಯಾಕ್ ಆಯಿತು. ಅಲ್ಲಿಂದ ಅವರು ಹಾರಿಸಿದ್ದು ಮಾರ್ಕ್ ಫೈವ್ ಬಗೆಯ ಸ್ಪಿಟ್‌ಫೈರ್. ನಾನು ಕಟ್ಟಿದ್ದು ಅದರಲ್ಲಿ 'ಬಿ' ರೆಕ್ಕೆಯದ್ದು: ಎರಡು 20 ಮಿಲಿಮೀಟರ್ ಫಿರಂಗಿ, ನಾಲ್ಕು ಸಣ್ಣ ಮೆಷಿನ್ ಗನ್. ಟಾಮಿಯಾ, ಏರ್‌ಫಿಕ್ಸ್ ಎರಡೂ ಕಂಪನಿಗಳು ಇದರ ಕಿಟ್ ಮಾಡಿವೆ. ದಳದ ಅಕ್ಷರ 'ಡಿ-ವಿ' ಡಬ್ಬದಲ್ಲಿ ಇರದಿದ್ದರೆ ಬೇರೆ ಅಕ್ಷರದ ಹಾಳೆ ತಂದು ಜೋಡಿಸಿಕೊಳ್ಳಬಹುದು. ಒಂದೇ ಎಚ್ಚರಿಕೆ. ದಳದೊಳಗೆ ಆ ಒಂದು ವಿಮಾನವನ್ನು ಗುರುತಿಸುವ ಮೂರನೇ ಅಕ್ಷರವನ್ನೂ ಬಾಲದ ಹತ್ತಿರದ ಸೀರಿಯಲ್ ನಂಬರನ್ನೂ ಊಹೆಯಿಂದ ಜೋಡಿಸಬೇಡಿ. ಆ ಕಾಲದ ಫೋಟೊ ಸಿಕ್ಕರೆ ಮಾತ್ರ ಹಾಕಿ. ಡಬ್ಬದ ಮೇಲಿನ ಚಿತ್ರವನ್ನೂ ಯಾರೋ ಒಬ್ಬರು ಕೂತು ಬಿಡಿಸಿದ್ದು ತಾನೆ.

ಅಂಟು ಅಂದರೆ ಅಂಟಲ್ಲ

ಕಿಟ್ ತೆರೆದರೆ ಚೌಕಟ್ಟುಗಳಲ್ಲಿ ತುಂಡುಗಳು ನೇತಾಡುತ್ತಿರುತ್ತವೆ. ಬಿಸಿ ಪ್ಲಾಸ್ಟಿಕ್ ಅಚ್ಚಿಗೆ ಹರಿದು ಹೋದ ಕಾಲುವೆಯೇ ಆ ಚೌಕಟ್ಟು. ಅದಕ್ಕೆ ಸ್ಪ್ರೂ ಅನ್ನುತ್ತಾರೆ. ಪ್ಲಾಸ್ಟಿಕ್ಕಿನ ಹೆಸರು ಪಾಲಿಸ್ಟೈರೀನ್. ತುಂಡನ್ನು ಮುರಿದು ಕೀಳಬೇಡಿ, ಕಟರ್‌ನಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ, ಉಳಿದ ಮೊಂಡನ್ನು ಬ್ಲೇಡಿನಿಂದ ಸವರಿ.

ಮಾಡೆಲ್ ಸಿಮೆಂಟ್ ಅಂತ ಮಾರುವ ನೀರಿನಂಥ ದ್ರವ ನಿಜಕ್ಕೂ ಅಂಟಲ್ಲ. ಅದು ಪಾಲಿಸ್ಟೈರೀನ್ ಕರಗಿಸುವ ದ್ರಾವಕ. ಎರಡು ತುಂಡುಗಳನ್ನು ಒತ್ತಿ ಹಿಡಿದು, ಸಂದಿಗೆ ಬ್ರಷ್ ತುದಿ ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಸಂದು ತಾನೇ ಅದನ್ನು ಎಳೆದುಕೊಳ್ಳುತ್ತದೆ. ಎರಡೂ ಕಡೆಯ ಪ್ಲಾಸ್ಟಿಕ್ ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ. ದ್ರಾವಕ ಆವಿಯಾದ ಮೇಲೆ ಅಲ್ಲಿ ಎರಡು ತುಂಡು ಇರುವುದಿಲ್ಲ, ಒಂದೇ ಇರುತ್ತದೆ. ವೆಲ್ಡಿಂಗ್ ಅಂದುಕೊಳ್ಳಿ.

ಅಂಟು ಹಾಕಿದ ಮೇಲೆ ಸ್ವಲ್ಪ ಜೋರಾಗಿ ಹಿಂಡಿದರೆ ಸಂದಿನುದ್ದಕ್ಕೂ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏಣು ಉಕ್ಕುತ್ತದೆ. ಉಕ್ಕಲಿ ಬಿಡಿ, ಒರೆಸಬೇಡಿ. ಒಂದು ದಿನ, ಆದರೆ ಎರಡು ದಿನ ಹಾಗೇ ಬಿಟ್ಟು, ಆಮೇಲೆ ಉಜ್ಜಿದರೆ ಬಿರುಕು ತುಂಬಿಯೇ ಹೋಗಿರುತ್ತದೆ. ಉಜ್ಜಲು ಕಾರಿಗೆ ಪೇಂಟ್ ಹೊಡೆಯುವವರು ಬಳಸುವ ವಾಟರ್ ಪೇಪರ್ ಸಾಕು. ಮೊದಲು 400 ನಂಬರಿನದು, ಆಮೇಲೆ ಇನ್ನೂ ನಯವಾದ 600, 1000, ನೀರು ಹಚ್ಚಿಕೊಂಡು. ಸ್ಪಿಟ್‌ಫೈರ್‌ನಲ್ಲಿ ಇದು ಮುಖ್ಯವಾಗುವುದು ಮೂತಿಯ ಮೇಲೆ. ಹೆಚ್ಚಿನ ಕಿಟ್‌ಗಳಲ್ಲಿ ಎಡ ಬಲ ಅಂತ ವಿಮಾನದ ಮೈಯನ್ನು ಎರಡು ಹೋಳು ಮಾಡಿ ಕೊಟ್ಟಿರುತ್ತಾರೆ. ನಿಜವಾದ ವಿಮಾನದಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ ಒಂದೇ ತಗಡು. ನಡುವೆ ಗೆರೆ ಉಳಿದರೆ ಬೈತಲೆ ತೆಗೆದ ಹಾಗೆ ಕಾಣುತ್ತದೆ.

ಇನ್ನೊಂದು ಜಾಗ ರೆಕ್ಕೆಯ ಬುಡ. ಸ್ಪಿಟ್‌ಫೈರ್‌ನ ರೆಕ್ಕೆ ನೆಲಕ್ಕೆ ಸಮವಾಗಿಲ್ಲ, ತುದಿಯ ಕಡೆಗೆ ಸುಮಾರು ಆರು ಡಿಗ್ರಿ ಮೇಲಕ್ಕೆ ಎತ್ತಿಕೊಂಡಿದೆ. ಕಿಟ್‌ನಲ್ಲಿ ರೆಕ್ಕೆ ಸ್ವಲ್ಪ ಜೋತು ಬಿದ್ದರೆ ಬುಡದಲ್ಲಿ ಬಾಯಿ ಬಿಡುತ್ತದೆ. ಹೊಸಬರು ಅಲ್ಲಿ ಪುಟ್ಟಿ ಮೆತ್ತುತ್ತಾರೆ. ನಾನೂ ಮೆತ್ತಿದ್ದೆ. ಅದರ ಬದಲು ಒಂದು ರೆಕ್ಕೆಯ ತುದಿಯಿಂದ ಬೆನ್ನ ಮೇಲೆ ಹಾಯಿಸಿ ಇನ್ನೊಂದು ತುದಿಗೆ ಟೇಪು ಬಿಗಿದು ಎಳೆದು ಕಟ್ಟಿ. ರೆಕ್ಕೆ ಮೇಲೇಳುತ್ತದೆ, ಬುಡದ ಬಾಯಿ ಮುಚ್ಚುತ್ತದೆ. ಆಗ ಅಂಟು ಮುಟ್ಟಿಸಿ, ರಾತ್ರಿಯಿಡೀ ಬಿಡಿ. ಭಾವ ನೋಡಿದ ಬ್ಯಾಂಡೇಜ್ ಇದೇ.

ಇದಕ್ಕಿಂತ ಮೊದಲು ಪೈಲಟ್ ಕೂರುವ ಜಾಗ ಮುಗಿದಿರಬೇಕು, ಯಾಕೆಂದರೆ ಮೈ ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಒಳಗಿನ ಗೋಡೆ ಬೂದು ಬೆರೆತ ಹಸಿರು. ಸೀಟು ಲೋಹದ್ದಲ್ಲ, ರಾಳ ಹಾಕಿ ಒತ್ತಿ ಮಾಡಿದ ಹಲಗೆಯಂಥ ವಸ್ತು, ಇಟ್ಟಿಗೆ ಕೆಂಪಿಗೆ ತಿರುಗಿದ ಕಂದು. 1/72ರಲ್ಲಿ ಒಳಗೆ ಜಾಸ್ತಿ ಏನೂ ಕಾಣುವುದಿಲ್ಲ. ಆ ಸೀಟಿನ ಬಣ್ಣ, ಅದರ ಮೇಲಿನ ಬೆಲ್ಟು, ಇವೆರಡು ಕಾಣುತ್ತವೆ. ಅಷ್ಟು ಚೆನ್ನಾಗಿ ಮಾಡಿ ಮುಂದೆ ಹೋಗಿ.

ಬಣ್ಣದ ಕಥೆ

ನಿಜ ಹೇಳಬೇಕೆಂದರೆ ನಾನು ಮಾಡೆಲ್ ಕಟ್ಟುವುದೇ ಬಣ್ಣಕ್ಕಾಗಿ.

1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಸ್ಪಿಟ್‌ಫೈರ್‌ಗಳಿಗೆ ಮೇಲೆ ಕಡು ಹಸಿರು ಮತ್ತು ಮಣ್ಣಿನ ಕಂದು, ಹೊಟ್ಟೆಗೆ 'ಸ್ಕೈ'. ಹೆಸರು ಕೇಳಿ ನೀಲಿ ಅಂದುಕೊಳ್ಳಬೇಡಿ. ಸ್ಕೈ ಅನ್ನುವುದು ತೆಳು ಹಸಿರು, ಬಾತುಕೋಳಿ ಮೊಟ್ಟೆಯ ಹತ್ತಿರದ ಬಣ್ಣ. ಆಕಾಶದ ಹೆಸರಿಟ್ಟು ಹಸಿರು ಬಣ್ಣ ಕೊಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ. ನನ್ನ ಮೊದಲ ಸ್ಪಿಟ್‌ಫೈರ್‌ನ ಹೊಟ್ಟೆ ತಿಳಿ ನೀಲಿಯಾದದ್ದು ಆ ಹೆಸರಿನಿಂದಲೇ.

ಹಸಿರು, ಕಂದು ಯಾಕೆ ಅಂದರೆ ಮೇಲಿನಿಂದ ನೋಡುವ ಶತ್ರುವಿಗೆ ಕೆಳಗಿನ ಹೊಲ, ಮಣ್ಣು, ಮರಗಳ ನಡುವೆ ವಿಮಾನ ಕಾಣಬಾರದು. 1941ರಲ್ಲಿ ಪರಿಸ್ಥಿತಿ ಬದಲಾಯಿತು. ಈಗ ಬ್ರಿಟಿಷರೇ ಕಡಲು ದಾಟಿ ಫ್ರಾನ್ಸ್ ಮೇಲೆ ಹೋಗುತ್ತಿದ್ದರು. ಕಡಲ ಮೇಲೆ, ಎತ್ತರದಲ್ಲಿ, ಕಂದು ಬಣ್ಣ ಎದ್ದು ಕಾಣುತ್ತದೆ. ಹಾಗಾಗಿ ಆಗಸ್ಟ್ 1941ರಲ್ಲಿ ಕಂದು ಹೋಗಿ 'ಓಷನ್ ಗ್ರೇ' ಬಂತು. ಹೊಟ್ಟೆಗೆ ಸ್ಕೈ ಬದಲು 'ಮೀಡಿಯಂ ಸೀ ಗ್ರೇ' ಅನ್ನುವ ತಿಳಿ ಬೂದು. ಹಸಿರು ಹಾಗೇ ಉಳಿಯಿತು. ಮೈಸೂರು ದಳ ವೆಸ್ಟ್‌ಹ್ಯಾಂಪ್‌ನೆಟ್‌ಗೆ ಬಂದಿಳಿದದ್ದು ಸರಿಯಾಗಿ ಇದೇ ಹೊತ್ತಿಗೆ. ಅದಕ್ಕೇ ಯಾವ ತಿಂಗಳು ಅಂತ ಮೊದಲೇ ಹಟ ಹಿಡಿದದ್ದು.

ಬಣ್ಣ ಬದಲಿಸಿ ಅಂತ ಆಜ್ಞೆ ಹೊರಟ ದಿನವೇ ಓಷನ್ ಗ್ರೇ ಡಬ್ಬಗಳು ಎಲ್ಲ ಕಡೆ ತಲುಪಲಿಲ್ಲ. ಅಲ್ಲಿಯವರೆಗೆ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ಕಪ್ಪು ಬೆರೆಸಿ ಬಳಿಯಿರಿ ಅಂದರು. ಯುದ್ಧದ ನಡುವೆ ಬಕೆಟ್‌ನಲ್ಲಿ ಬೆರೆಸಿದ ಬಣ್ಣ ಪ್ರತಿ ಸಲ ಒಂದೇ ಥರ ಇರುತ್ತದಾ? ಹಾಗಾಗಿ 1941ರ ಕೊನೆಯ ಸ್ಪಿಟ್‌ಫೈರ್‌ನ ಬೂದು "ಸರಿಯಾಗಿಲ್ಲ" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ.

ಸರಿಯಾದ ಬಣ್ಣದ ಬಾಟಲಿಯನ್ನೇ ತಂದು ಹಾಗೇ ಹೊಡೆದರೂ ಮಾಡೆಲ್ ಕಪ್ಪಗೆ, ಭಾರವಾಗಿ ಕಾಣುತ್ತದೆ. ಮೋಸ ಕಣ್ಣಿನದ್ದು. ಮಾಡೆಲನ್ನು ನಾನು ಒಂದಡಿ ದೂರದಿಂದ ನೋಡುತ್ತೇನೆ. 72ರಿಂದ ಗುಣಿಸಿದರೆ, ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದ ಲೆಕ್ಕ. ದೂರದ ಬೆಟ್ಟ ತೆಳುವಾಗಿ ಕಾಣುವುದಿಲ್ವಾ? ಹಾಗೇ ದೂರ ಹೋದಷ್ಟೂ ನಡುವಿನ ಗಾಳಿ, ಬೆಳಕು ಬಣ್ಣವನ್ನು ಮಸುಕು ಮಾಡುತ್ತವೆ. 72 ಅಡಿಗೆ ಎಷ್ಟು ಮಸುಕಾಗುತ್ತದೆ ಅನ್ನುವುದರ ಬಗ್ಗೆ ಮಾಡೆಲ್ ಕಟ್ಟುವವರಲ್ಲಿ ಜಗಳ ಮುಗಿದಿಲ್ಲ. ನಾನು ಲೆಕ್ಕ ಮಾಡುವುದಿಲ್ಲ. ಹಸಿರಿಗೆ ಒಂದೆರಡು ಹನಿ ತಿಳಿ ಬೂದು ಸೇರಿಸುತ್ತೇನೆ, ಕಣ್ಣಿಗೆ ಹಿತವಾದಾಗ ನಿಲ್ಲಿಸುತ್ತೇನೆ. ಅಡುಗೆಯಲ್ಲಿ ಉಪ್ಪು ಹಾಕಿದ ಹಾಗೆ.

ಬಣ್ಣದ ದಪ್ಪಕ್ಕೂ ಇದೇ ಗುಣಾಕಾರ. ಬ್ರಷ್‌ನಲ್ಲಿ ದಪ್ಪಗೆ ಬಳಿದ ಪದರ 0.1 ಮಿಲಿಮೀಟರ್ ಅಂದುಕೊಂಡರೂ ಅದು ನಿಜದಲ್ಲಿ ಏಳು ಮಿಲಿಮೀಟರ್. ವಿಮಾನಕ್ಕೆ ಗಾರೆ ಮೆತ್ತಿದ ಹಾಗಾಯಿತು. ಏರ್‌ಬ್ರಷ್ ಬೇಕಾಗುವುದು ಇದಕ್ಕೆ. ಅದು ಬಣ್ಣವನ್ನು ಗಾಳಿಯ ಜೊತೆ ಸಣ್ಣ ಹನಿಗಳಾಗಿ ಹಾರಿಸುತ್ತದೆ. ಬಣ್ಣ ಹಾಲಿನ ಹದಕ್ಕೆ ತೆಳುವಾಗಿರಬೇಕು. ಮೊಸರಿನಷ್ಟು ಗಟ್ಟಿಯಾದರೆ ಉಗುಳುತ್ತದೆ, ನೀರಾದರೆ ಹರಿದು ಜೇಡದ ಕಾಲು ಚಾಚುತ್ತದೆ. ಬ್ರಷ್ ಮಾತ್ರ ಇದ್ದರೆ ಬೇಸರ ಬೇಡ. ತೆಳು ಮಾಡಿ ಮೂರು ನಾಲ್ಕು ಕೋಟು ಹಚ್ಚಿ, ಪ್ರತಿ ಕೋಟೂ ಪೂರ್ತಿ ಒಣಗಲಿ. ಚೆನ್ನಾಗಿಯೇ ಬರುತ್ತದೆ.

ಹೊಡೆಯುವ ಕ್ರಮ ಮಾತ್ರ ತಿರುಗುಮುರುಗು. ತಿಳಿ ಬಣ್ಣ ಮೊದಲು, ಕಡು ಬಣ್ಣ ಕೊನೆಗೆ. ಈ ವಿಮಾನದ ಬಾಲದ ಮುಂದೆ ಸ್ಕೈ ಬಣ್ಣದ ಒಂದು ಪಟ್ಟಿ ಇದೆ, 18 ಇಂಚು ಅಗಲ. ತಮ್ಮವರ ವಿಮಾನ ಅಂತ ಗುರುತು ಸಿಗಲಿ ಅಂತ. ಅದು 1/72ರಲ್ಲಿ 6.35 ಮಿಲಿಮೀಟರ್. ಕಡು ಹಸಿರಿನ ಮೇಲೆ ತಿಳಿ ಸ್ಕೈ ಹೊಡೆದರೆ ಐದು ಕೋಟು ಬೇಕು, ಅಂಚು ದಿಣ್ಣೆಯಾಗುತ್ತದೆ. ಅದಕ್ಕೆ ಮೊದಲೇ ಸ್ಕೈ ಹೊಡೆದು, ಒಣಗಿದ ಮೇಲೆ 6 ಮಿಲಿಮೀಟರ್ ಚಿಲ್ಲರೆಯ ಟೇಪು ಸುತ್ತಿ, ಆಮೇಲೆ ಉಳಿದ ಬಣ್ಣ. ರೆಕ್ಕೆಯ ಮುಂದಂಚಿನ ಹಳದಿಗೂ ಹಾಗೇ, ಅದರ ಅಡಿಯಲ್ಲಿ ಇನ್ನೊಂದು ಬಿಳಿ ಪದರ ಬೇರೆ. ಹಳದಿಯಷ್ಟು ಸೋಮಾರಿ ಬಣ್ಣ ಇನ್ನೊಂದಿಲ್ಲ, ಏನನ್ನೂ ಮುಚ್ಚುವುದಿಲ್ಲ.

ಆಮೇಲೆ ಮೈಮೇಲಿನ ಹಸಿರು ಬೂದಿನ ಅಲೆ. ಎರಡು ಬಣ್ಣ ಸೇರುವ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇರಬಾರದು, ತೀರಾ ಮಬ್ಬಾಗಿಯೂ ಇರಬಾರದು. ನಿಜದಲ್ಲಿ ಅಂಚು ಒಂದಿಂಚಿನಷ್ಟು ಮೆತ್ತಗಿತ್ತು ಅಂದುಕೊಂಡರೆ ಮಾಡೆಲ್‌ನಲ್ಲಿ ಅದು ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಕೈಯಿಂದ ಬರುವ ಮಾತಲ್ಲ. ಉಪಾಯ ಇದೆ. ಗೋಡೆಗೆ ಚಿತ್ರ ಅಂಟಿಸಲು ಬಳಸುವ ಬ್ಲೂ ಟ್ಯಾಕ್ ತಂದು, ಕೋಡುಬಳೆಗೆ ಹಿಟ್ಟು ಹೊಸೆಯುವ ಹಾಗೆ ತೆಳ್ಳಗೆ ಹೊಸೆಯಿರಿ. ಆ ಹುರಿಯನ್ನು ಅಲೆಯ ಗೆರೆಯ ಮೇಲೆ ಇಟ್ಟು, ಒಳಭಾಗವನ್ನು ಟೇಪಿನಿಂದ ಮುಚ್ಚಿ, ನೇರ ಮೇಲಿನಿಂದ ಸ್ಪ್ರೇ ಮಾಡಿ. ಹುರಿ ದುಂಡಗಿರುವುದರಿಂದ ಅದರ ಅಡಿಗೆ ಸ್ವಲ್ಪವೇ ಸ್ವಲ್ಪ ಬಣ್ಣ ನುಸುಳುತ್ತದೆ. ಬೇಕಾದಷ್ಟೇ ಮೆತ್ತಗಿನ ಅಂಚು. ಮೊದಲ ಸಲ ಆ ಹುರಿ ಎತ್ತಿ ನೋಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಬಂದು ನೋಡಿ, ಹೂಂ ಅಂದು ಹೋದರು.

ಹೊಳಪು ಮಾಡಿ, ಆಮೇಲೆ ಹೊಳಪು ತೆಗಿ

ಭಾವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಭಾಗ ಇದು. ಯುದ್ಧ ವಿಮಾನಕ್ಕೆ ಹೊಳಪು ಇರುವುದಿಲ್ಲ, ಹೊಳೆದರೆ ದೂರದಿಂದ ಕಾಣುತ್ತದೆ. ಹಾಗಾಗಿ ನಾವು ಬಳಸುವ ಬಣ್ಣವೂ ಮಂದವಾಗಿಯೇ ಒಣಗುತ್ತದೆ. ಅದರ ಮೇಲೆ ನಾವು ಕೂತು ಕನ್ನಡಿಯಂಥ ಹೊಳೆಯುವ ವಾರ್ನಿಷ್ ಹೊಡೆಯುತ್ತೇವೆ. ವಾರ ಬಿಟ್ಟು ಅದನ್ನು ಮತ್ತೆ ಮಂದ ಮಾಡುತ್ತೇವೆ. ಹುಚ್ಚಾ?

ಹುಚ್ಚಲ್ಲ. ಕಾರಣ ಡೀಕಾಲ್. ಬ್ರಿಟಿಷ್ ವಾಯುಪಡೆಯ ಗುರುತಾಗಿ ವಿಮಾನದ ಮೇಲಿರುವ ಕೆಂಪು, ಬಿಳಿ, ನೀಲಿ, ಹಳದಿ ಬಳೆಗಳು, ಅಕ್ಷರಗಳು ಎಲ್ಲ ನೀರಿನಲ್ಲಿ ನೆನೆಸಿ ಜಾರಿಸುವ ತೆಳು ಹಾಳೆಗಳು. ಅರ್ಧ ನಿಮಿಷ ನೀರಿನಲ್ಲಿಟ್ಟರೆ ಕಾಗದದಿಂದ ಬಿಡುತ್ತವೆ. ಚಿತ್ರದ ಸುತ್ತ ಬಣ್ಣವಿಲ್ಲದ ಪಾರದರ್ಶಕ ಪೊರೆ ಒಂದಿಷ್ಟು ಇರುತ್ತದೆ. ಮಂದ ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ಭೂತಗನ್ನಡಿಗೆ ಸ್ಯಾಂಡ್ ಪೇಪರ್ ಹಾಗಿರುತ್ತದೆ, ಆ ತರಿತರಿಯಿಂದಲೇ ಅದು ಮಂದ. ಅದರ ಮೇಲೆ ಪೊರೆ ಹಾಸಿದರೆ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಬೆಳಕು ಬಿದ್ದಾಗ ಆ ಗಾಳಿಯೇ ಬೆಳ್ಳಿಯ ಹಾಗೆ ಮಿನುಗುತ್ತದೆ. ಸ್ಟಿಕ್ಕರ್ ಅಂಟಿಸಿದ್ದು ಊರಿಗೆಲ್ಲ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಿಲ್ವರಿಂಗ್ ಅಂತಲೇ ಹೆಸರು. ಹೊಳಪು ವಾರ್ನಿಷ್ ಆ ಗುಂಡಿಗಳನ್ನು ತುಂಬಿ ನಯ ಮಾಡುತ್ತದೆ. ಡೀಕಾಲ್ ಗಾಳಿಯಿಲ್ಲದೆ ಕೂರುತ್ತದೆ. ಪೊರೆಯನ್ನು ಮೆತ್ತಗೆ ಮಾಡುವ ದ್ರವ ಒಂದು ಹನಿ ಹಾಕಿದರೆ ಅದು ತಗಡಿನ ಗೆರೆಗಳೊಳಗೂ ಇಳಿದು, ಬಣ್ಣದಲ್ಲೇ ಬರೆದ ಹಾಗೆ ಕಾಣುತ್ತದೆ.

ಮಳೆಗಾಲದಲ್ಲಿ ಮಾತ್ರ ಲ್ಯಾಕರ್ ವಾರ್ನಿಷ್ ಹೊಡೆಯುವ ಮೊದಲು ಎರಡು ಸಲ ಯೋಚಿಸಿ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ವಿಮಾನಕ್ಕೆ ಬೂದಿ ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಜುಲೈನಲ್ಲಿ ನಾನು ಅಂಟಿಸುವ ಕೆಲಸ ಇಟ್ಟುಕೊಳ್ಳುತ್ತೇನೆ, ವಾರ್ನಿಷ್ ಬಿಸಿಲು ಬಂದ ಮೇಲೆ.

ಡೀಕಾಲ್ ಬಗ್ಗೆ ಇನ್ನೊಂದು ವಿಷಯ. ಮೈಮೇಲಿನ ಬಳೆಗಳೂ 1942ರ ಮೇ ತಿಂಗಳಲ್ಲಿ ಬದಲಾದವು. ಅದಕ್ಕೆ ಮೊದಲು ಬಿಳಿ ಮತ್ತು ಹಳದಿ ಬಳೆಗಳು ದಪ್ಪ, ಆಮೇಲೆ ದಾರದ ಹಾಗೆ ತೆಳು. ಕಾರಣ ಅದೇ, ದೂರಕ್ಕೆ ಹೊಳೆಯಬಾರದು. ಮೈಸೂರು ದಳ 1942ರ ಆಗಸ್ಟ್ 19ರಂದು ಫ್ರಾನ್ಸ್ ಕರಾವಳಿಯ ಡಿಯೆಪ್ ಮೇಲೆ ನಡೆದ ದಾಳಿಯಲ್ಲಿ ಹಾರಿತ್ತು. ಆ ದಿನದ ವಿಮಾನ ಮಾಡುವುದಾದರೆ ತೆಳು ಬಳೆ ಹಾಕಿ. ನನ್ನದು 1941ರ ಚಳಿಗಾಲದ್ದು, ದಪ್ಪ ಬಳೆ.

ಕೊಳೆ ಮಾಡುವುದು

ಈಗ ವಿಮಾನ ಹೊಸದಾಗಿ ಕಾರ್ಖಾನೆಯಿಂದ ಬಂದ ಹಾಗಿದೆ. ಆದರೂ ಆಟಿಕೆ ಅನಿಸುತ್ತದೆ. ಯಾಕೆಂದರೆ ನಿಜವಾದ ವಿಮಾನದಲ್ಲಿ ತಗಡಿನ ಸಂದುಗಳಿಗೆ, ಬಾಗಿಲುಗಳಿಗೆ ನೆರಳಿರುತ್ತದೆ. ಇಷ್ಟು ಚಿಕ್ಕದರಲ್ಲಿ ಬೆಳಕು ಆ ನೆರಳನ್ನು ಕೊಡುವುದಿಲ್ಲ, ನಾವೇ ಬರೆಯಬೇಕು. ಅದಕ್ಕೆ ವಾಶ್. ಎನಾಮಲ್ ಬಣ್ಣವನ್ನು ಟರ್ಪಂಟೈನ್‌ನಲ್ಲಿ ಚಹಾದ ಡಿಕಾಕ್ಷನ್ನಿಗಿಂತ ತೆಳು ಮಾಡಿ, ಗೆರೆಗೆ ಬ್ರಷ್ ಮುಟ್ಟಿಸಿದರೆ ಅದು ತಾನೇ ಓಡುತ್ತದೆ. ಹೆಚ್ಚಾದದ್ದನ್ನು ಒರೆಸುತ್ತೇವೆ.

ಒರೆಸುವುದಕ್ಕೆ ಏನು ಬಳಸುತ್ತೀರಿ ಅನ್ನುವುದು ಮುಖ್ಯ. ಒಮ್ಮೆ ಟರ್ಪಂಟೈನ್ ಖಾಲಿಯಾಗಿತ್ತು. ಮನೆಯಲ್ಲಿ ಬಾಗಿಲಿಗೆ ಪಾಲಿಶ್ ಮಾಡಿಸಿದಾಗ ಉಳಿದ ಎನ್‌ಸಿ ತಿನ್ನರ್ ಇತ್ತು. ತಿನ್ನರ್ ತಿನ್ನರ್ರೇ ಅಲ್ವಾ ಅಂತ ಬಡ್ಸ್‌ಗೆ ಹಚ್ಚಿ ಎಡ ರೆಕ್ಕೆಯ ಮೇಲೆ ಎಳೆದೆ. ವಾಶ್ ಹೋಯಿತು. ವಾರ್ನಿಷ್ ಹೋಯಿತು. ಹಸಿರು ಹೋಯಿತು. ಕೊನೆಗೆ ರೆಕ್ಕೆಯ ಗೆರೆಗಳೂ ಕರಗಿ, ಬಡ್ಸ್‌ನ ಹತ್ತಿ ಎಳೆ ಪ್ಲಾಸ್ಟಿಕ್ಕಿನಲ್ಲಿ ಅಂಟಿಕೊಂಡಿತು. ಎನ್‌ಸಿ ತಿನ್ನರ್ ಪಾಲಿಸ್ಟೈರೀನನ್ನು ಮಾಡೆಲ್ ಸಿಮೆಂಟ್ ಹಾಗೇ ಕರಗಿಸುತ್ತದೆ. ಪದರದ ಮೇಲೆ ಪದರ ಹಾಕುವಾಗ ನೆನಪಿಡಬೇಕಾದ್ದು ಇದೇ. ಮೇಲಿನದರ ದ್ರಾವಕ ಕೆಳಗಿನದನ್ನು ಕರಗಿಸಬಾರದು. ಅಕ್ರಿಲಿಕ್ ಒಣಗಿದ ಮೇಲೆ ಟರ್ಪಂಟೈನ್ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಆ ಜೋಡಿ.

ವಾಶ್‌ಗೆ ಕಪ್ಪು ಬೇಡ, ಕಂದು ಬೂದು ಇರಲಿ. ತಗಡಿನ ಗೆರೆ ಕಿಟ್‌ನಲ್ಲಿ 0.3 ಮಿಲಿಮೀಟರ್ ಇದ್ದರೆ ಆಗಲೇ ನಿಜದಲ್ಲಿ ಎರಡು ಸೆಂಟಿಮೀಟರ್ ಚರಂಡಿ. ಅದಕ್ಕೆ ಕಪ್ಪು ತುಂಬಿ, ಪ್ರತಿ ತಗಡಿನ ನಡುವೆ ತಿಳಿ ಬಣ್ಣ ಹೊಡೆಯುವವರೂ ಇದ್ದಾರೆ. ವಿಮಾನ ಕೌದಿಯ ಹಾಗೆ ಕಾಣುತ್ತದೆ. ಆ ಶೈಲಿ ಇಷ್ಟಪಡುವವರು ಬಹಳ, ನನಗೆ ಹಿಡಿಸಿಲ್ಲ. ಅಲುಗಾಡುವ ಭಾಗಗಳ ಸಂದಿಗೆ, ಅಂದರೆ ಬಾಲದ ರಡ್ಡರ್, ರೆಕ್ಕೆಯ ಹಿಂದಂಚಿನ ಏಲೆರಾನ್‌ಗಳಿಗೆ, ಸ್ವಲ್ಪ ಕಡು ಬಣ್ಣ. ಉಳಿದ ಕಡೆ ಇದ್ದೂ ಇಲ್ಲದ ಹಾಗೆ.

ಬಣ್ಣ ಕಿತ್ತು ಲೋಹ ಕಾಣುವ ಜಾಗಗಳನ್ನು ಬೆಳ್ಳಿ ಬಣ್ಣದಲ್ಲಿ ಚುಕ್ಕೆ ಇಟ್ಟು ತೋರಿಸುತ್ತಾರೆ. ಇಲ್ಲಿ ಸ್ವಲ್ಪ ತಲೆ ಓಡಿಸಿದರೆ ಮಾಡೆಲ್ ಜೀವ ಪಡೆಯುತ್ತದೆ. ಸ್ಪಿಟ್‌ಫೈರ್‌ನ ಬಾಗಿಲು ಎಡಗಡೆ ಇದೆ. ಪೈಲಟ್ ಹತ್ತುವುದು ಎಡ ರೆಕ್ಕೆಯ ಬುಡ ತುಳಿದು. ಹಾಗಾಗಿ ಎಡ ಬುಡ ಸವೆದಿರುತ್ತದೆ, ಬಲ ಅಷ್ಟು ಸವೆದಿರುವುದಿಲ್ಲ. ಎರಡೂ ಕಡೆ ಸಮವಾಗಿ ಚುಕ್ಕೆ ಇಟ್ಟರೆ ಅಲಂಕಾರವಾಯಿತು. ಇನ್ನು ಬಾಲದ ರಡ್ಡರ್. ಅದರ ಮೇಲೆ ಎಂದೂ ಬೆಳ್ಳಿ ಚುಕ್ಕೆ ಇಡಬೇಡಿ, ಯಾಕೆಂದರೆ ಅದರ ಹೊದಿಕೆ ಲೋಹವಲ್ಲ, ಬಟ್ಟೆ. ಬಟ್ಟೆ ಸವೆದರೆ ಅಲ್ಯೂಮಿನಿಯಂ ಕಾಣುವುದಿಲ್ಲ. ಮತ್ತೆ ಗುಣಿಸಿ: ಒಂದು ಮಿಲಿಮೀಟರ್ ಚುಕ್ಕೆ ಅಂದರೆ ನಿಜದಲ್ಲಿ ಏಳು ಸೆಂಟಿಮೀಟರ್ ಬೋಳು. ಸ್ಪಾಂಜಿನ ತುದಿಯಿಂದ, ಬಣ್ಣವನ್ನು ಹೆಚ್ಚುಕಡಿಮೆ ಒರೆಸಿ, ಮುಟ್ಟಿಯೂ ಮುಟ್ಟದ ಹಾಗೆ.

ಮೆಷಿನ್ ಗನ್‌ಗಳ ಬಾಯಿಗೆ ಕೆಂಪು ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಎತ್ತರದ ಚಳಿಗೆ ಬಂದೂಕು ಹೆಪ್ಪುಗಟ್ಟಬಾರದು, ಧೂಳು ಹೋಗಬಾರದು ಅಂತ. ಮೊದಲ ಗುಂಡು ಅದನ್ನು ಹರಿದುಕೊಂಡು ಹೋಗುತ್ತದೆ, ಹಿಂದೆ ರೆಕ್ಕೆಯ ಅಡಿಯಲ್ಲಿ ಮಸಿಯ ಗೆರೆ ಎಳೆಯುತ್ತದೆ. ಆದ್ದರಿಂದ ಪಟ್ಟಿ ಸರಿಯಾಗಿದ್ದು ಮಸಿಯೂ ಇರುವ ಮಾಡೆಲ್‌ಗೆ ಒಂದು ಕಥೆ ಬೇಕು: ನಿನ್ನೆ ಗುಂಡು ಹಾರಿಸಿ ಬಂದಿದೆ, ಇವತ್ತು ಹೊಸ ಪಟ್ಟಿ ಅಂಟಿಸಿದ್ದಾರೆ, ಮಸಿ ಒರೆಸಲು ಯಾರಿಗೂ ಪುರುಸೊತ್ತಿಲ್ಲ. ನನ್ನದು ಅದೇ ಕಥೆ.

ಇಷ್ಟಾದ ಮೇಲೆ ಮಂದ ವಾರ್ನಿಷ್. ವಾರದ ಹೊಳಪು ಹತ್ತು ನಿಮಿಷದಲ್ಲಿ ಮಾಯ. ಡೀಕಾಲ್, ಬಣ್ಣ, ಕೊಳೆ ಎಲ್ಲ ಒಂದೇ ಮೈಯಾಗುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಹತ್ತು ನಿಮಿಷ ಅದು.

ಕೊನೆಗೆ ಗಾಜು. ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಸೂಪರ್ ಗ್ಲೂನಿಂದ ಅಂಟಿಸಬೇಡಿ. ಅದರ ಆವಿ ಗಾಜಿನ ಮೇಲೆ ಕೂತು ಬಿಳಿ ಮಂಜಾಗುತ್ತದೆ. ಪೊಲೀಸರು ಬೆರಳಚ್ಚು ಎತ್ತಲು ಬಳಸುವುದೂ ಇದೇ ಆವಿಯನ್ನು. ನನ್ನ ಇನ್ನೊಂದು ವಿಮಾನದ ಗಾಜಿನ ಒಳಗೆ ನನ್ನ ಹೆಬ್ಬೆಟ್ಟಿನ ಗೆರೆಗಳು ಇವತ್ತಿಗೂ ಸ್ಪಷ್ಟವಾಗಿವೆ. ಮರಕ್ಕೆ ಹಚ್ಚುವ ಫೆವಿಕಾಲ್ ಸಾಕು. ಬೆಳ್ಳಗೆ ಹಚ್ಚಿದ್ದು ಒಣಗಿದರೆ ಕಾಣುವುದಿಲ್ಲ, ತಪ್ಪಾದರೆ ನೀರಿನಲ್ಲಿ ಬಿಡಿಸಬಹುದು.

ಉಳಿದದ್ದು ತಂತಿ. ಆ ಕಾಲದ ಸ್ಪಿಟ್‌ಫೈರ್‌ಗೆ ಮೈಯ ಎರಡೂ ಬದಿಯಿಂದ ಬಾಲದ ಚಿಕ್ಕ ರೆಕ್ಕೆಗಳ ತುದಿಗೆ ಒಂದೊಂದು ತೆಳು ತಂತಿ ಇರುತ್ತಿತ್ತು. ತಮ್ಮ ರಾಡಾರ್‌ಗೆ "ನಾನು ನಿಮ್ಮವನೇ" ಅಂತ ತಿಳಿಸುವ ಯಂತ್ರದ ಏರಿಯಲ್ ಅದು. ಮಾಡುವ ವಿಧಾನ: ಖಾಲಿ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು ತಿರುಗಿಸುತ್ತಿರಿ, ಮುಟ್ಟಿಸಬೇಡಿ. ನಡು ಭಾಗ ಹೊಳೆದು ಜೋಲಾಡಲು ಶುರುವಾದ ಕೂಡಲೇ ಬೆಂಕಿಯಿಂದ ಆಚೆ ತಂದು ಎರಡೂ ತುದಿ ಎಳೆಯಿರಿ. ಪಾಕದ ಎಳೆ ಬಂದ ಹಾಗೆ, ತಲೆಗೂದಲಿಗಿಂತ ತೆಳುವಾದ ದಾರ ಬರುತ್ತದೆ. ಅಳೆದು ಕತ್ತರಿಸಿ, ಎರಡೂ ತುದಿಗೆ ಅಂಟಿನ ಚುಕ್ಕೆ ಇಟ್ಟು, ಉಸಿರು ಬಿಗಿ ಹಿಡಿದು ಕೂರಿಸಬೇಕು.

ನನ್ನ ವಿಮಾನದ ಎಡಗಡೆಯ ತಂತಿ ಎರಡು ಸಲ ತುಂಡಾಗಿದೆ. ಎರಡು ಸಲವೂ ಅಮ್ಮ ಶೋಕೇಸಿನ ಧೂಳು ಒರೆಸಿದ ಶುಕ್ರವಾರ. ಮೂರನೆಯದನ್ನು ಹಾಕಿದ ಮೇಲೆ ಆ ಶೋಕೇಸಿನ ಧೂಳು ಒರೆಸುವ ಕೆಲಸ ನನ್ನದು.